ಸೆಕೆಂಡ್ ಹ್ಯಾಂಡ್ ಜೆಟ್ ಸ್ಕೀ: ಇಂಜಿನ್ ಕಿರುಚುತ್ತೆ, ಮುಂದಕ್ಕೆ ಮಾತ್ರ ಹೋಗಲ್ಲ

ಹಿನ್ನೀರು_ಹುಡುಗ
ತಲೆ ಕೆಟ್ಟುಹೋಗಿದೆ, ದಯವಿಟ್ಟು ಯಾರಾದ್ರೂ ದಾರಿ ತೋರಿಸಿ. ಹೋದ ವಾರ ತಂದ ಸೆಕೆಂಡ್ ಹ್ಯಾಂಡ್ ಜೆಟ್ ಸ್ಕೀ. ಮಾರಿದವರ ಮನೆ ಮುಂದೆ ಚೆನ್ನಾಗೇ ಸ್ಟಾರ್ಟ್ ಆಯ್ತು. ನೀರಿಗಿಳಿಸಿದ್ರೆ ಥ್ರಾಟಲ್ ಪೂರ್ತಿ ಹಿಡಿದ್ರೂ ಬರೀ ಕಿರುಚಾಟ, ಓಟ ಇಲ್ಲ. ಪ್ಲಗ್ ಹೊಸದು, ಬ್ಯಾಟರಿ ಹೊಸದು. ಏನು ಬದಲಾಯಿಸಬೇಕು ಹೇಳಿ, ನಾಳೆನೇ ತರಿಸ್ತೀನಿ.

ಮಂಡ್ಯ_ಮೆಕ್ಯಾನಿಕ್
ಪೆಟ್ರೋಲ್. ಬೇರೇನೂ ಅಲ್ಲ. ಈಗ ಬಂಕ್‌ನಲ್ಲಿ ಸಿಗೋದು ಇ20, ಅಂದ್ರೆ 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಈ ಇಂಜಿನ್‌ಗಳಿಗೆ ಕಂಪನಿ ಒಪ್ಪೋದು ಎಥನಾಲ್ 10 ಶೇಕಡಾವರೆಗೆ ಮಾತ್ರ. ಟ್ಯಾಂಕ್‌ನಲ್ಲಿ ನಿಂತ ಇ20 ತೇವ ಹೀರಿ ಬೇರೆಯಾಗುತ್ತೆ, ನೀರು ತಳಕ್ಕೆ ಕೂರುತ್ತೆ. ಟ್ಯಾಂಕ್ ಖಾಲಿ ಮಾಡಿ, ಇಂಜೆಕ್ಟರ್ ತೊಳೆಸಿ.

ಪಂಪ್_ಪಕ್ಕದವನು
ಸಾರ್, ಮೊದಲು ಯಾವ ಗಾಡಿ ಅಂತ ಹೇಳಿ. ಕಂಪನಿ, ಮಾಡೆಲ್, ವರ್ಷ? ಐಬಿಆರ್ (ಎಲೆಕ್ಟ್ರಾನಿಕ್ ಬ್ರೇಕ್, ರಿವರ್ಸ್) ಇದೆಯೋ, ಕೈಯಲ್ಲಿ ಎಳೆಯೋ ರಿವರ್ಸ್ ಲಿವರೋ? ಪೂರ್ತಿ ಥ್ರಾಟಲ್‌ನಲ್ಲಿ ಆರ್‌ಪಿಎಂ ಎಷ್ಟು, ವೇಗ ಎಷ್ಟು? ಎಲ್ಲಿ, ಎಷ್ಟು ಆಳದ ನೀರಲ್ಲಿ ಸ್ಟಾರ್ಟ್ ಮಾಡಿದ್ರಿ? ಇಷ್ಟು ಗೊತ್ತಾಗದೆ ಪಾರ್ಟ್ಸ್ ತರಿಸಿದ್ರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಹಿನ್ನೀರು_ಹುಡುಗ
ಸೀ-ಡೂ ಜಿಟಿಐ 130. ರಿವರ್ಸ್ ಲಿವರ್ ಕೈಯಲ್ಲೇ. ಮಾರಿದವರು 2012 ಅಂದ್ರು. ಆರ್‌ಪಿಎಂ 7,600ಕ್ಕೆ ಹಾರುತ್ತೆ, ವೇಗ 38 ಕಿ.ಮೀ. ದಾಟಲ್ಲ. ಕೆಆರ್‌ಎಸ್ ಹಿನ್ನೀರು, ಮೀನಾಕ್ಷಿಪುರದ ಕಡೆ, ಮೊಣಕಾಲು ನೀರಲ್ಲಿ ಸ್ಟಾರ್ಟ್ ಮಾಡಿದ್ದು. ಇ20 ವಿಷಯ ಭಯ ಹುಟ್ಟಿಸ್ತು, ಟ್ಯಾಂಕ್ ಖಾಲಿ ಮಾಡ್ತಿದ್ದೀನಿ.

ಪಂಪ್_ಪಕ್ಕದವನು
ಟ್ಯಾಂಕ್ ಆಮೇಲೆ. ಇಂಧನ ಸಾಲದಿದ್ರೆ ಆರ್‌ಪಿಎಂ ಏರೋದೇ ಇಲ್ಲ, 5,000ದ ಆಸುಪಾಸಲ್ಲೇ ತೊದಲುತ್ತೆ. ನಿಮ್ಮದು ಸಲೀಸಾಗಿ ಏರ್ತಿದೆ, ಅಂದ್ರೆ ಇಂಜಿನ್ ಆರೋಗ್ಯವಾಗಿದೆ. ಪಂಪ್ ಒಳಗೆ ತಿರುಗಿ ನೀರನ್ನ ಹಿಂದಕ್ಕೆ ತಳ್ಳೋ ಇಂಪೆಲ್ಲರ್ ನೀರನ್ನ ಹಿಡೀತಿಲ್ಲ. ಇದು ಕ್ಯಾವಿಟೇಶನ್, ಅಂದ್ರೆ ಬ್ಲೇಡ್ ಸುತ್ತ ಗುಳ್ಳೆ ತುಂಬಿ ಹಿಡಿತ ತಪ್ಪೋದು.

ಮೊಣಕಾಲು ನೀರು ಅಂದ್ರಲ್ಲ, ಸಂಕಟ ಆಯ್ತು. ಹಲ್‌ನ (ಗಾಡಿಯ ಒಡಲಿನ) ಹಿಂಭಾಗದ ಕೆಳಗೆ ಕನಿಷ್ಠ 90 ಸೆಂಟಿಮೀಟರ್ ನೀರು ಇರ್ಬೇಕು. ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಅದರಿಂದ ಕೆಳಗಿಳಿದ ಹಾಗೆಲ್ಲ ದಡ ಬರೀ ಮರಳು, ಕೆಸರು. ಪಂಪ್ ಆ ಮರಳನ್ನ ಎಳ್ಕೊಂಡ್ರೆ ಇಂಪೆಲ್ಲರ್ ಸುತ್ತ ಇರೋ ಪ್ಲಾಸ್ಟಿಕ್ ವೇರ್ ರಿಂಗ್ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ ಸವೆಯುತ್ತೆ. ರಿಂಗಿಗೂ ಬ್ಲೇಡಿನ ತುದಿಗೂ ನಡುವೆ ಸಂದು ಬಿತ್ತು ಅಂದ್ರೆ ಒತ್ತಡ ಹಿಂದಕ್ಕೇ ಸೋರಿಹೋಗುತ್ತೆ.

ಕೀ ತೆಗೆದು, ಬ್ಯಾಟರಿ ನೆಗೆಟಿವ್ ಬಿಚ್ಚಿ. ಅಡಿಯ ಗ್ರೇಟ್‌ನಲ್ಲಿ (ನೀರು ಎಳ್ಕೊಳ್ಳೋ ಬಾಯಿಯ ಜಾಲರಿ) ಜೊಂಡು, ಅಂತರಗಂಗೆ ಬೇರು, ಹಗ್ಗ ಸಿಕ್ಕಿದೆಯಾ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಬ್ಲೇಡ್ ತುದಿಗೂ ರಿಂಗಿಗೂ ನಡುವೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಲೋಹದ ಎಲೆ) ಹಾಕಿ, ನಾಲ್ಕೂ ಕಡೆ. ಅರ್ಧ ಮಿಲಿಮೀಟರ್ ಎಲೆ ಆರಾಮಾಗಿ ನುಗ್ಗಿದ್ರೆ ರಿಂಗ್ ಮುಗೀತು.

ಮಂಡ್ಯ_ಮೆಕ್ಯಾನಿಕ್
ಎಥನಾಲ್‌ನಿಂದ ಹಾಳಾದ ಇಂಜೆಕ್ಟರ್‌ಗಳನ್ನ ಎಷ್ಟೋ ನೋಡಿದ್ದೀನಿ. ಪೆಟ್ರೋಲ್ ಬಿಟ್ಟು ಪಂಪ್ ಬಿಚ್ಚಿಸೋದು ಸರಿಯಲ್ಲ.

ವರುಣ_ತೀರ
ಅಣ್ಣ, ಇ20 ಬಗ್ಗೆ ನೀವು ಹೇಳಿದ್ದು ತಪ್ಪಲ್ಲ, ಆದ್ರೆ ಈ ರೋಗಕ್ಕೆ ಆ ಔಷಧಿ ಅಲ್ಲ. ಇನ್ನೊಂದು ಮಾತು: ಹಿನ್ನೀರು ಕಾವೇರಿ ನೀರಾವರಿ ನಿಗಮದ ಕೈಯಲ್ಲಿದೆ. ಅನುಮತಿ ಇಲ್ಲದೆ ಅಲ್ಲಿ ಇಳಿಸಬೇಡಿ. ಮೀನು ಹಿಡಿಯೋರ ಬಲೆ ಇರುತ್ತೆ, ತೆಪ್ಪ ಇರುತ್ತೆ.

ಮಂಡ್ಯ_ಮೆಕ್ಯಾನಿಕ್
ಎಲ್ಲಿ ಓಡಿಸ್ಬೇಕು ಅಂತ ಇಲ್ಲಿ ಯಾರೂ ಕೇಳಿಲ್ಲ.

ವರುಣ_ತೀರ
ಕೇಳದಿದ್ರೂ ಹೇಳ್ಬೇಕಾದ ಮಾತು ಅದು. 2021ರ ಒಳನಾಡು ಹಡಗು ಕಾಯ್ದೆ ಬಂದ್ಮೇಲೆ ಮೋಟಾರ್ ಇರೋ ದೋಣಿಗೆ ಕಾಗದ ಪತ್ರ ಬೇಡ ಅನ್ನೋ ಕಾಲ ಹೋಯ್ತು. ಹಳೇ ಗಾಡಿ ತಗೊಳ್ಳೋರು ಬಿಲ್ ಆಫ್ ಎಂಟ್ರಿ (ಆಮದಿನ ಕಸ್ಟಮ್ಸ್ ಪತ್ರ), ಇನ್‌ವಾಯ್ಸ್ ಎರಡನ್ನೂ ಇಸ್ಕೊಳ್ಳಿ, ಹಲ್ ನಂಬರ್ ಜೊತೆ ಹೋಲಿಸಿ. ಹಿಂಬದಿಯ ಬಲಗಡೆ 12 ಅಕ್ಷರದ ನಂಬರ್ ಇರುತ್ತೆ. ಸೀ-ಡೂಗೆ ‘ವೈಡಿವಿ’ ಅಂತ ಶುರು. ಕೊನೆಯ ಎರಡು ಅಂಕಿಯೇ ಮಾಡೆಲ್ ವರ್ಷ. ತಮ್ಮಾ, ನಿಮ್ಮದರಲ್ಲಿ ಏನಿದೆ?

ಹಿನ್ನೀರು_ಹುಡುಗ
ಕೊನೆಗೆ 10 ಅಂತಿದೆ. 2012 ಅಲ್ವೇ ಅಲ್ಲ. ಎರಡು ವರ್ಷ ಹೊಸದು ಅಂತ ದುಡ್ಡು ಕೊಟ್ಟಿದ್ದೀನಿ, ಹೊಟ್ಟೆ ಉರೀತಿದೆ.
ಗ್ರೇಟ್‌ನಲ್ಲಿ ಏನೂ ಸಿಕ್ಕಿಲ್ಲ. ಫೀಲರ್ 0.3 ಸ್ವಲ್ಪ ಬಿಗಿಯಾಗಿ ಹೋಗುತ್ತೆ, 0.5 ಹೋಗಲ್ಲ. ಹಾಗಾದ್ರೆ ರಿಂಗ್ ಸರಿ ಇದೆ ಅಂತ ತಾನೆ?

ಲೇತ್_ಹೆಬ್ಬಾಳ
ರಿಂಗ್ ಆಮದು ಮಾಡೋ ಬದಲು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಯಾವ ಲೇತ್‌ನಲ್ಲಾದ್ರೂ ನೈಲಾನ್‌ನಲ್ಲಿ ತಿರುಗಿಸಿ ಕೊಡ್ತಾರೆ.

ಪಂಪ್_ಪಕ್ಕದವನು
ನೈಲಾನ್ ಮಾತ್ರ ಬೇಡ. ಅದು ನೀರು ಕುಡಿದು ಉಬ್ಬುತ್ತೆ. ನೀರಲ್ಲಿದ್ದು ಇದ್ದು ಇಂಪೆಲ್ಲರನ್ನ ಕಚ್ಕೊಳ್ಳುತ್ತೆ. ಮಾಡಿಸಲೇಬೇಕು ಅಂದ್ರೆ ಎಚ್‌ಡಿಪಿಇ ಪ್ಲಾಸ್ಟಿಕ್. ರಿಂಗ್ ತರಿಸೋ ಮುಂಚೆ ಪಂಪ್ ಅಳೆಯಿರಿ, 155, 159 ಮಿಲಿಮೀಟರ್ ಅಂತ ಎರಡು ಅಳತೆ ಇವೆ. ಹಳೇ ರಿಂಗನ್ನ ಹ್ಯಾಕ್ಸಾ ಬ್ಲೇಡಿನಲ್ಲಿ ಎರಡು ಕಡೆ ಕುಯ್ದು ತೆಗೀರಿ, ಕೆಳಗಿನ ಲೋಹಕ್ಕೆ ಗಾಯ ಆಗಬಾರದು. ಹೊಸದನ್ನ ರಾತ್ರಿಯೆಲ್ಲ ಫ್ರೀಜರ್‌ನಲ್ಲಿಟ್ಟರೆ ಕುಗ್ಗಿರುತ್ತೆ. ಮರದ ತುಂಡು ಇಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿ.

ಆದ್ರೆ ಇವರ 0.3ಕ್ಕೆ ಗಾಡಿ 38ಕ್ಕೇ ನಿಲ್ಲಬಾರದು. ರಿಂಗ್ ಸವೆದಿದೆ ನಿಜ, ಆದ್ರೆ ದೊಡ್ಡ ಕಾರಣ ಬೇರೆ ಇದೆ. ತಮ್ಮಾ, ಓಡಿಸಿ ದಡಕ್ಕೆ ತಂದ್ಮೇಲೆ ಹಿಂದಿನ ಎರಡು ಡ್ರೈನ್ ಪ್ಲಗ್ ಬಿಚ್ಚಿದ್ರೆ ಎಷ್ಟು ನೀರು ಬರುತ್ತೆ? ಓಡುವಾಗ ಬೈಲರ್ ಒಳಗಿನ ನೀರನ್ನ ಎಳೆದು ಹೊರಗೆ ಹಾಕ್ತಿರುತ್ತೆ, ಅದಕ್ಕೆ ನಿಧಾನಕ್ಕೆ ಹತ್ತು ನಿಮಿಷ ಓಡಿಸಿ ನೋಡಿ. ಇನ್ನೊಂದು, ಮಾರಿದವರು ಟ್ರೇಲರ್ ಮೇಲೆ ಎಷ್ಟು ಹೊತ್ತು ಇಂಜಿನ್ ಓಡಿಸಿ ತೋರಿಸಿದ್ರು?

ಹಿನ್ನೀರು_ಹುಡುಗ
ಸುಮಾರು ಎರಡು ಬಕೆಟ್ ನೀರು. ಸೀಟ್ ಕೆಳಗೆ ಶಾಫ್ಟ್ ಸುತ್ತ ಕಪ್ಪು ಪುಡಿ ಇದೆ, ಗ್ರೀಸ್ ಅಂದ್ಕೊಂಡಿದ್ದೆ. ಟ್ರೇಲರ್ ಮೇಲೆ ಕಾಲು ಗಂಟೆಯಾದ್ರೂ ಓಡಿತು, ಪೈಪ್‌ನಲ್ಲಿ ನೀರು ಬಿಟ್ಟಿದ್ರು, ಅದಕ್ಕೇ ಸರಿ ಅನ್ನಿಸ್ತು.

ಪಂಪ್_ಪಕ್ಕದವನು
ಸಿಕ್ತು. ಕಾರ್ಬನ್ ಸೀಲ್.

ಇಂಪೆಲ್ಲರ್ ತಿರುಗಿಸೋ ಶಾಫ್ಟ್ ಹಲ್‌ನೊಳಗೆ ಬರೋ ಜಾಗದಲ್ಲಿ ರಬ್ಬರ್ ಬೆಲ್ಲೋಸ್ (ಮಡಿಕೆ ಮಡಿಕೆಯ ತೋಳು), ಅದರ ತುದಿಗೆ ಕಾರ್ಬನ್ ರಿಂಗ್, ಅದಕ್ಕೆ ಒತ್ತಿಕೊಂಡು ಶಾಫ್ಟ್ ಜೊತೆ ತಿರುಗೋ ಸ್ಟೀಲ್ ರಿಂಗ್. ಇದು ತಂಪಾಗಿರೋದು ಗಾಡಿ ನೀರಲ್ಲಿ ತೇಲ್ತಿರುವಾಗ ಮಾತ್ರ. ಪೈಪ್ ನೀರು ಹೋಗೋದು ಎಕ್ಸಾಸ್ಟಿಗೆ, ಸೀಲಿಗೆ ತೊಟ್ಟೂ ತಲುಪಲ್ಲ. ಅದಕ್ಕೇ ನೆಲದ ಮೇಲೆ ಎರಡು ನಿಮಿಷ ಮೀರಬಾರದು ಅನ್ನೋ ನಿಯಮ. ಕಾಲು ಗಂಟೆ ಓಡಿಸಿದ್ರೆ ಕಾರ್ಬನ್ ಸುಟ್ಟು ಪುಡಿಯಾಗುತ್ತೆ, ಬೆಲ್ಲೋಸ್ ಕಸುವು ಕಳ್ಕೊಳ್ಳುತ್ತೆ. ಆಮೇಲೆ ನಿಂತಾಗ ನೀರು ಒಳಗೆ, ಥ್ರಾಟಲ್ ಕೊಟ್ಟಾಗ ಗಾಳಿ ಪಂಪಿಗೆ. ಗಾಳಿ ಸೇರಿದ ನೀರನ್ನ ಯಾವ ಇಂಪೆಲ್ಲರೂ ಹಿಡಿಯಲ್ಲ.

ಪರೀಕ್ಷೆ ಸುಲಭ. ಇಂಜಿನ್ ನಿಲ್ಲಿಸಿ, ಬೆಲ್ಲೋಸ್‌ನ ಮಡಿಕೆಗಳ ನಡುವಿನ ತಗ್ಗಿಗೆ ಎರಡು ಮೂರು ದಪ್ಪ ಕೇಬಲ್ ಟೈ ಬಿಗೀರಿ. ಬೆಲ್ಲೋಸ್ ಕುಗ್ಗೋಕೆ ಆಗದೆ ಕಾರ್ಬನ್ ಗಟ್ಟಿಯಾಗಿ ಒತ್ತಿಕೊಳ್ಳುತ್ತೆ. ಆಳದ ನೀರಲ್ಲಿ ಎರಡು ನಿಮಿಷ ಓಡಿಸಿ. ಎಳೆತ ಬಂದ್ರೆ ರೋಗ ಇದೇ. ಇದು ಪರೀಕ್ಷೆಗೆ ಮಾತ್ರ, ಹಾಗೇ ಬಿಡಬೇಡಿ.

ಇನ್ನು ಪೈಪ್ ಹಾಕುವಾಗ ಮೊದಲು ಇಂಜಿನ್ ಸ್ಟಾರ್ಟ್, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಇಂಜಿನ್. ತಿರುಗಾಮುರುಗಾ ಆದ್ರೆ ಎಕ್ಸಾಸ್ಟ್ ಮೂಲಕ ನೀರು ಸಿಲಿಂಡರಿಗೇ ಹೋಗುತ್ತೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣದಲ್ಲಿದ್ದರೆ ಸ್ಟಾರ್ಟ್ ಮಾಡಲೇಬೇಡಿ.

ಹಿನ್ನೀರು_ಹುಡುಗ
ಮೂರು ಟೈ ಹಾಕಿ ನೋಡಿದೆ, ಈ ಸಲ ಅನುಮತಿ ಇರೋ ಜಾಗದಲ್ಲೇ, ಆಳದ ನೀರಲ್ಲಿ. 61 ಮುಟ್ತು! ಪ್ಲಗ್ ಬಿಚ್ಚಿದ್ರೆ ಒಂದು ಲೋಟದಷ್ಟು ನೀರು. ಆಯಿಲ್ ಬಣ್ಣ ಸರಿ ಇದೆ. ತುಂಬಾ ಥ್ಯಾಂಕ್ಸ್ ಸಾರ್. ಕಾರ್ಬನ್ ರಿಂಗ್ ಒಂದೇ ತರಿಸಿದ್ರೆ ಸಾಕಾ?

ಪಂಪ್_ಪಕ್ಕದವನು
ಸಾಲದು. ಕಾರ್ಬನ್ ರಿಂಗ್, ಬೆಲ್ಲೋಸ್, ಕ್ಲಾಂಪ್‌ಗಳು, ಸ್ಟೀಲ್ ರಿಂಗ್ ಒಳಗಿನ ಎರಡು ಓ-ರಿಂಗ್, ಅದನ್ನ ಹಿಡಿದಿರೋ ಸರ್ಕ್ಲಿಪ್. ಸ್ಟೀಲ್ ರಿಂಗ್ ಮುಖದಲ್ಲಿ ಉಗುರಿಗೆ ತಗಲೋ ಗೆರೆ ಇದ್ರೆ ಅದೂ ಹೊಸದು. ಹೇಗೂ ಪಂಪ್ ಇಳಿಸ್ಬೇಕು, ವೇರ್ ರಿಂಗನ್ನೂ ಅದೇ ಕೈಯಲ್ಲಿ ಹಾಕಿಬಿಡಿ. ಉಳಿದ ವೇಗ ಅಲ್ಲಿದೆ.

ಮಂಡ್ಯ_ಮೆಕ್ಯಾನಿಕ್
ಟ್ಯಾಂಕಿನ ಇ20 ಹಾಗೇ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಇದನ್ನ ಮಾತ್ರ ಒಪ್ಕೊಳ್ಳಿ.

ಪಂಪ್_ಪಕ್ಕದವನು
ಖಂಡಿತ ಒಪ್ತೀನಿ ಅಣ್ಣ.

ಶ್ರೀರಂಗಪಟ್ಟಣ_90
ನಾನೊಂದು ಸೀ-ಡೂ ಸ್ಪಾರ್ಕ್ 90 ನೋಡ್ಕೊಂಡು ಬಂದೆ, ಕೀ ಒಂದೇ ಇದೆ. ಇನ್ನೊಂದು ಕೀ ಪ್ರೋಗ್ರಾಂ ಮಾಡೋಕೆ ಡೀಲರ್ ಕಂಪ್ಯೂಟರೇ ಬೇಕಾ? ಆಗ ಗಂಟೆ ಮೀಟರ್ ರೀಡಿಂಗನ್ನೂ ಅದರಲ್ಲೇ ತೆಗೆಸಬಹುದಾ? ಶನಿವಾರ ಅಡ್ವಾನ್ಸ್ ಕೊಡ್ಬೇಕು, ಗೊತ್ತಿದ್ದವರು ಹೇಳಿ.