ಹತ್ತನೇ ಕ್ಲಾಸ್ ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಬಂದ ಮಗ: ಎರಡೇ ವರ್ಷದಲ್ಲಿ ಹೈಸ್ಕೂಲ್ ಮುಗಿಯುತ್ತಾ?

ಪ್ರಶ್ನೆ, ಒಬ್ಬ ತಾಯಿಯಿಂದ:

ನಮಸ್ಕಾರ ಮೇಡಂ. ನೀವು ಇಲ್ಲಿನ ಹೈಸ್ಕೂಲಿನಲ್ಲಿ ಕೌನ್ಸೆಲರ್ ಅಂತ ತಿಳಿಯಿತು, ಅದಕ್ಕೇ ಬರೆಯುತ್ತಿದ್ದೇನೆ. ನಾವು ಜೂನ್ ಕೊನೆಗೆ ಮೈಸೂರಿನಿಂದ ಬೇ ಏರಿಯಾಕ್ಕೆ ಬಂದೆವು. ಮಗ ಸಿಬಿಎಸ್‌ಇಯಲ್ಲಿ ಹತ್ತನೇ ತರಗತಿ ಮುಗಿಸಿದ್ದಾನೆ, 91 ಪರ್ಸೆಂಟ್, ಎರಡನೇ ಭಾಷೆ ಕನ್ನಡ. ಇಲ್ಲಿ 11ನೇ ಗ್ರೇಡ್‌ಗೆ ಸೇರಿಸಿಕೊಳ್ಳುತ್ತೇವೆ ಅಂದಿದ್ದಾರೆ. ಆದರೆ ಕೋರ್ಸ್ ಆರಿಸುವ ಹಾಳೆ ಕೈಗೆ ಕೊಟ್ಟಾಗ ತಲೆಬುಡ ಅರ್ಥವಾಗಲಿಲ್ಲ. ಊರಲ್ಲಾಗಿದ್ದರೆ ಪಿಯುಸಿಗೆ ಪಿಸಿಎಂಬಿ ಅಂತ ಒಂದು ಸಲ ಹೇಳಿದರೆ ಮುಗಿಯುತ್ತಿತ್ತು. ಇಲ್ಲಿ ಸೆರಾಮಿಕ್ಸ್ ಅಂತೆ, ಪಿಇ (ದೈಹಿಕ ಶಿಕ್ಷಣ) ಎರಡು ವರ್ಷ ಬೇಕಂತೆ. ಇಂಜಿನಿಯರಿಂಗ್ ಓದುವ ಆಸೆ ಅವನಿಗೆ. ಎರಡು ವರ್ಷದಲ್ಲಿ ಎಲ್ಲ ಮುಗಿಯುತ್ತಾ, ಇಲ್ಲಾ 10ನೇ ಗ್ರೇಡ್‌ಗೇ ಹಾಕಿಸಬೇಕಾ? ನೆಂಟರೊಬ್ಬರು ಎಪಿ ಅನ್ನುವ ಕಾಲೇಜು ಮಟ್ಟದ ಕೋರ್ಸ್ ಎಷ್ಟು ಸಿಗುತ್ತೋ ಅಷ್ಟೂ ತೆಗೆಸಿ ಅಂತಿದ್ದಾರೆ.

ಉತ್ತರ:

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಮ್ಮ ಮುಂದೆ ಇರುವುದು ಒಂದು ಪಟ್ಟಿ ಅಲ್ಲ, ಎರಡು. ಡಿಪ್ಲೊಮಾ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ, ಕೊಡಲು ಶಾಲೆ ನೋಡುವ ಪಟ್ಟಿ ಒಂದು. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮತ್ತು ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಅನ್ನುವ ರಾಜ್ಯದ ವಿಶ್ವವಿದ್ಯಾಲಯಗಳು ನೋಡುವ ಎ-ಜಿ ಪಟ್ಟಿ ಇನ್ನೊಂದು. ಎಷ್ಟೋ ಮನೆಗಳಲ್ಲಿ ಮೊದಲನೆಯದು ಮುಗಿದರೆ ಎರಡನೆಯದೂ ಮುಗಿದ ಹಾಗೆ ಅಂದುಕೊಂಡಿರುತ್ತಾರೆ. ಹಾಗಲ್ಲ ಅಂತ ಗೊತ್ತಾಗುವ ಹೊತ್ತಿಗೆ ಮಗು 12ನೇ ಗ್ರೇಡಿನಲ್ಲಿ ಇರುತ್ತೆ.

ಡಿಪ್ಲೊಮಾಗೆ ರಾಜ್ಯ ಕೇಳುವುದು ಕಡಿಮೆಯೇ. ಇಂಗ್ಲಿಷ್ 3 ವರ್ಷ, ಗಣಿತ 2, ವಿಜ್ಞಾನ 2, ಸಮಾಜ 3, ಪಿಇ 2, ಜೊತೆಗೆ ಕಲೆ ಅಥವಾ ಭಾಷೆ ಅಥವಾ ವೃತ್ತಿ ಕೋರ್ಸ್ ಒಂದು ವರ್ಷ. ಇದರ ಮೇಲೆ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಆ ಭಾಗದ ಶಾಲೆಗಳನ್ನು ನಡೆಸುವ ಮಂಡಳಿ) ಇನ್ನಷ್ಟು ಸೇರಿಸಿರುತ್ತೆ, ಬಹಳ ಕಡೆ ಇಂಗ್ಲಿಷ್ 4 ವರ್ಷ ಕೇಳುತ್ತಾರೆ. ಎ-ಜಿ ಅಂದರೆ ಒಟ್ಟು 15 ವರ್ಷದ ಕೋರ್ಸ್: ಇತಿಹಾಸ 2, ಇಂಗ್ಲಿಷ್ 4, ಗಣಿತ 3, ಲ್ಯಾಬ್ ಇರುವ ವಿಜ್ಞಾನ 2, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ 2, ಕಲೆ 1, ಐಚ್ಛಿಕ 1. ಇದರಲ್ಲಿ 11 ಕೋರ್ಸ್ 12ನೇ ಗ್ರೇಡ್‌ಗೆ ಮುಂಚೆಯೇ ಮುಗಿದಿರಬೇಕು, ಎಲ್ಲದರಲ್ಲೂ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬೇಕು. ಇಂಜಿನಿಯರಿಂಗ್‌ಗೆ ಗಣಿತ 4 ವರ್ಷ, ವಿಜ್ಞಾನ 3 ವರ್ಷ ಇದ್ದರೇ ಒಳ್ಳೆಯದು.

ಈಗ ನಿಮ್ಮ ಮಗನ ವಿಷಯ. ಎರಡು ವರ್ಷದಲ್ಲಿ ಆಗುತ್ತೆ, ಆದರೆ ಅವನ ಒಂಬತ್ತು ಮತ್ತು ಹತ್ತನೇ ತರಗತಿಗೆ ಇಲ್ಲಿ ಎಷ್ಟು ಕ್ರೆಡಿಟ್ ಕೊಡುತ್ತಾರೆ, ಅಂದರೆ ಎಷ್ಟು ಕೋರ್ಸ್ ಮುಗಿದಿದೆ ಅಂತ ಒಪ್ಪುತ್ತಾರೆ, ಅನ್ನುವುದರ ಮೇಲೆ ಎಲ್ಲ ನಿಂತಿದೆ. ನನ್ನ ಆಫೀಸಿಗೆ ಬರುವ ನಮ್ಮವರು ಹತ್ತನೇ ಮಾರ್ಕ್ಸ್ ಕಾರ್ಡ್ ಚೆನ್ನಾಗಿ ಲ್ಯಾಮಿನೇಟ್ ಮಾಡಿಸಿ ತಂದಿರುತ್ತಾರೆ. ಒಂಬತ್ತನೆಯದು ಎಲ್ಲಿ ಅಂದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಅದು ಬೋರ್ಡ್ ಪರೀಕ್ಷೆ ಅಲ್ಲವಲ್ಲ, ಯಾರು ಕೇಳುತ್ತಾರೆ ಅಂತ ಊರಲ್ಲೇ ಬಿಟ್ಟಿರುತ್ತಾರೆ. ಇಲ್ಲಿ ಹೈಸ್ಕೂಲ್ ಶುರುವಾಗುವುದೇ ಒಂಬತ್ತರಿಂದ! ಆ ಒಂದು ಕಾಗದ ಇಲ್ಲದಿದ್ದರೆ ಒಂದು ಇಡೀ ವರ್ಷದ ಕ್ರೆಡಿಟ್ ಹೋದ ಹಾಗೆ. ಇವತ್ತೇ ಮೈಸೂರಿನ ಶಾಲೆಗೆ ಫೋನ್ ಮಾಡಿ. ಒಂಬತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಮತ್ತು ಯಾವ ವಿಷಯ ವಾರಕ್ಕೆ ಎಷ್ಟು ಗಂಟೆ ಕಲಿಸಿದರು ಅನ್ನುವ ಪತ್ರ, ಎರಡಕ್ಕೂ ಪ್ರಿನ್ಸಿಪಾಲರ ಸಹಿ, ಸೀಲ್ ಹಾಕಿಸಿ ತರಿಸಿಕೊಳ್ಳಿ. ಪರ್ಸೆಂಟೇಜನ್ನು ನೀವೇ ಎ, ಬಿ ಅಂತ ಬದಲಾಯಿಸಲು ಹೋಗಬೇಡಿ, ಇದ್ದದ್ದು ಇದ್ದ ಹಾಗೇ ಕೊಡಿ.

ಕನ್ನಡವನ್ನು ಮರೆಯಬೇಡಿ. ಒಂಬತ್ತು ಮತ್ತು ಹತ್ತರಲ್ಲಿ ಎರಡು ವರ್ಷ ಕನ್ನಡ ಓದಿ ಒಳ್ಳೆಯ ಅಂಕ ತೆಗೆದಿದ್ದಾನಲ್ಲ, ಎ-ಜಿಯ ಬೇರೆ ಭಾಷೆಯ ಜಾಗಕ್ಕೆ ಅದನ್ನೇ ಮುಂದಿಡಿ. ಸುಮ್ನೆ ಎಲ್ಲರೂ ತಗೋತಾರೆ ಅಂತ ಸ್ಪ್ಯಾನಿಷ್ 1ಕ್ಕೆ ಕೂರಿಸಬೇಡಿ. ಅವನಿಗೆ ಇರುವುದೇ ದಿನಕ್ಕೆ ಆರು ಪೀರಿಯಡ್, ಅದರಲ್ಲಿ ಒಂದು ಸುಮ್ಮನೆ ಹೋಗುತ್ತೆ.

ಗಣಿತ ಸ್ವಲ್ಪ ಸೂಕ್ಷ್ಮ. ಇಲ್ಲಿ ಬಹಳ ಕಡೆ ಆಲ್‌ಜೀಬ್ರಾ 1, ಜಾಮೆಟ್ರಿ, ಆಲ್‌ಜೀಬ್ರಾ 2, ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್ ಅಂತ ಒಂದೊಂದು ವರ್ಷಕ್ಕೆ ಒಂದೊಂದು. ನಮ್ಮಲ್ಲಿ ಎಲ್ಲ ಕಲೆಸಿ ಕಲಿಸುತ್ತಾರೆ. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಮ್ಯಾಥಮ್ಯಾಟಿಕ್ಸ್ ಅಂತ ಇದ್ದರೆ ಇಲ್ಲಿನವರಿಗೆ ಏನು ತಿಳಿಯುತ್ತೆ ಹೇಳಿ. ಎನ್‌ಸಿಇಆರ್‌ಟಿ ಪುಸ್ತಕದ ವಿಷಯಸೂಚಿ ತೆಗೆದುಕೊಂಡು ಹೋಗಿ, ವರ್ಗ ಸಮೀಕರಣ, ತ್ರಿಭುಜ, ವೃತ್ತ, ತ್ರಿಕೋನಮಿತಿ ಎಲ್ಲ ಆಗಿದೆ ಅಂತ ತೋರಿಸಿ, ಪ್ಲೇಸ್‌ಮೆಂಟ್ ಪರೀಕ್ಷೆ ಇದ್ದರೆ ಬರೆಸಿ. ಆಗ ಆಲ್‌ಜೀಬ್ರಾ 1 ಮತ್ತು ಜಾಮೆಟ್ರಿಗೆ ಕ್ರೆಡಿಟ್ ಸಿಗುವ ಸಾಧ್ಯತೆ ಜಾಸ್ತಿ. ಹಾಗಂತ ನೇರವಾಗಿ ಕ್ಯಾಲ್ಕುಲಸ್‌ಗೆ ಹಾಕಿ ಅಂತ ಹಟ ಮಾಡಬೇಡಿ. ಹತ್ತನೇ ತರಗತಿಯವರೆಗೆ ಲಾಗರಿದಮ್ ಇಲ್ಲ, ಸಂಕೀರ್ಣ ಸಂಖ್ಯೆ ಇಲ್ಲ. ಅವೆರಡೂ ಬರುವುದು ಆಲ್‌ಜೀಬ್ರಾ 2ರಲ್ಲಿ. ಈ ವರ್ಷ ಅದನ್ನು ಗಟ್ಟಿಯಾಗಿ ಮಾಡಲಿ, ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಪ್ರೀಕ್ಯಾಲ್ಕುಲಸ್ ಮುಗಿಸಿದರೆ 12ರಲ್ಲಿ ಕ್ಯಾಲ್ಕುಲಸ್ ಸಿಗುತ್ತೆ.

ಹಾಗಾಗಿ 11ರಲ್ಲಿ ಇಂಗ್ಲಿಷ್, ಅಮೆರಿಕದ ಇತಿಹಾಸ, ಆಲ್‌ಜೀಬ್ರಾ 2, ಕೆಮಿಸ್ಟ್ರಿ, ಕಲೆ, ಪಿಇ. 12ರಲ್ಲಿ ಇಂಗ್ಲಿಷ್, ಅರ್ಧ ವರ್ಷ ಸರ್ಕಾರ ಅರ್ಧ ವರ್ಷ ಅರ್ಥಶಾಸ್ತ್ರ, ಕ್ಯಾಲ್ಕುಲಸ್, ಫಿಸಿಕ್ಸ್, ಇನ್ನೊಂದು ಐಚ್ಛಿಕ, ಪಿಇ. ಆರಕ್ಕೆ ಆರು, ಸರಿಯಾಗಿ ಕೂರುತ್ತೆ. ಮಾರ್ಕ್ಸ್ ಕಾರ್ಡಿನಲ್ಲಿ ದೈಹಿಕ ಶಿಕ್ಷಣದ ಗ್ರೇಡ್ ಇದ್ದರೆ ಅದನ್ನೂ ತೋರಿಸಿ ಕೇಳಿ, ಒಂದು ವರ್ಷದ ಪಿಇ ಕಳೆದರೆ ಉಸಿರಾಡಲು ಒಂದು ಪೀರಿಯಡ್ ಸಿಗುತ್ತೆ. ಸೆರಾಮಿಕ್ಸ್ ಅಂತ ಮೂಗು ಮುರಿಯಬೇಡಿ. ಕಲೆಯ ಜಾಗ ಖಾಲಿ ಬಿಟ್ಟು, ಕ್ಯಾಲ್ಕುಲಸ್‌ನಲ್ಲಿ ಎ ತೆಗೆದ ಹುಡುಗನೊಬ್ಬ 12ರ ಜನವರಿಯಲ್ಲಿ ನನ್ನ ಮುಂದೆ ಕೂತು ಅತ್ತಿದ್ದಾನೆ. ಅಪ್ಲಿಕೇಶನ್ ಆಗಲೇ ಹೋಗಿತ್ತು. ಕೊನೆಗೆ ಕಾಲೇಜಿನ ಕಲಾ ಇತಿಹಾಸದ ಕ್ಲಾಸ್ ಹುಡುಕಿ ಹೇಗೋ ಸರಿಮಾಡಿದೆವು.

ಇನ್ನೊಂದು. ಮನೆಯಲ್ಲಿ ಯಾವ ಭಾಷೆ ಅಂತ ಕೇಳುವ ಫಾರ್ಮಿನಲ್ಲಿ ಕನ್ನಡ ಅಂತಲೇ ಬರೆಯಿರಿ, ಸುಳ್ಳು ಬೇಡ. ಆದರೆ ಅದಾದ ಮೇಲೆ 30 ದಿನದೊಳಗೆ ಎಲ್ಪ್ಯಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ ಅಂತ ಮಗನಿಗೆ ಮೊದಲೇ ಹೇಳಿ. ಹುಡುಗರು ಇದೇನು ಸುಲಭ ಅಂತ ಅರ್ಧಂಬರ್ಧ ಉತ್ತರ ಕೊಡುತ್ತಾರೆ. ಅಂಕ ಕಡಿಮೆ ಬಂದರೆ ಇಂಗ್ಲಿಷ್ ಕಲಿಕೆಯ ಪ್ರತ್ಯೇಕ ಕ್ಲಾಸಿಗೆ ಹಾಕುತ್ತಾರೆ, ಆಗ ಮೇಲಿನ ಆರು ಪೀರಿಯಡ್ ಲೆಕ್ಕವೇ ಕೆಡುತ್ತೆ.

ಎಪಿ ವಿಷಯದಲ್ಲಿ ನೆಂಟರ ಮಾತು ಈ ವರ್ಷಕ್ಕೆ ಬೇಡ. 12ನೇ ಗ್ರೇಡಿನ ನವೆಂಬರ್ ಕೊನೆಗೆ ಯುಸಿ ಅಪ್ಲಿಕೇಶನ್ ಹೋಗುವಾಗ ಅವನ ಕೈಯಲ್ಲಿ ಇರುವ ಅಮೆರಿಕದ ಗ್ರೇಡ್ ಅಂದರೆ ಈ 11ನೇ ವರ್ಷದ್ದು ಮಾತ್ರ. ಯುಸಿ ಎಸ್‌ಎಟಿ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆಯನ್ನೂ ನೋಡುವುದಿಲ್ಲ. ಹೊಸ ದೇಶ, ಹೊಸ ಉಚ್ಚಾರಣೆ, ದಿನಾ ಹೋಮ್‌ವರ್ಕಿಗೂ ಅಂಕ. ಒಂದು ಎಪಿ ಸಾಕು, ಇಲ್ಲದಿದ್ದರೂ ನಷ್ಟವಿಲ್ಲ. ಇಷ್ಟೆಲ್ಲ ಆದ ಮೇಲೂ ಕ್ರೆಡಿಟ್ ತುಂಬಾ ಕಡಿಮೆ ಕೊಟ್ಟರೆ 10ಕ್ಕೆ ಸೇರಿಸುವುದರಲ್ಲಿ ಅವಮಾನ ಏನೂ ಇಲ್ಲ. ಮೂರು ವರ್ಷ ನೆಮ್ಮದಿಯಾಗಿ ಓದುತ್ತಾನೆ.

ಪ್ರಶ್ನೆ, ಇನ್ನೊಬ್ಬರಿಂದ:

ನನ್ನ ಮಗಳು ಈ ವರ್ಷ 9ನೇ ಗ್ರೇಡ್. ಎಂಟು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ, ಮುಂದಿನ ವರ್ಷ ರಂಗಪ್ರವೇಶ. ಕಲೆಯ ಒಂದು ವರ್ಷಕ್ಕೆ ಅದನ್ನು ತೋರಿಸಬಹುದಲ್ವಾ?

ಉತ್ತರ:

ಬೇಜಾರು ಮಾಡಿಕೊಳ್ಳಬೇಡಿ, ಆಗುವುದಿಲ್ಲ. ಹೊರಗೆ ಕಲಿತದ್ದು ಎಷ್ಟೇ ದೊಡ್ಡದಾದರೂ ಎ-ಜಿಗೆ ಲೆಕ್ಕವಿಲ್ಲ. ಯುಸಿ ಒಪ್ಪಿದ ಕೋರ್ಸ್ ಆಗಿರಬೇಕು, ಅದೂ ಒಂದೇ ಕಲೆಯಲ್ಲಿ ವರ್ಷಪೂರ್ತಿ. ನಿಮ್ಮ ಶಾಲೆಯ ಹೆಸರು ಹಾಕಿದರೆ ಒಪ್ಪಿದ ಕೋರ್ಸ್‌ಗಳ ಪಟ್ಟಿ ಯುಸಿಯ ಎ-ಜಿ ಜಾಲತಾಣದಲ್ಲೇ ಬರುತ್ತೆ. ಶಾಲೆಯಲ್ಲಿ ಡಾನ್ಸ್ ಕೋರ್ಸ್ ಇದ್ದು, ಆ ಪಟ್ಟಿಯಲ್ಲೂ ಇದ್ದರೆ ಅದನ್ನೇ ತೆಗೆದುಕೊಳ್ಳಲಿ, ಅವಳಿಗೆ ಖುಷಿಯೂ ಆಗುತ್ತೆ. ರಂಗಪ್ರವೇಶ ಅಪ್ಲಿಕೇಶನ್ನಿನ ಚಟುವಟಿಕೆಗಳ ಭಾಗಕ್ಕೆ ಹೋಗುತ್ತೆ, ಅಲ್ಲಿ ಅದಕ್ಕೆ ತೂಕ ಇದ್ದೇ ಇದೆ. ನಿಮ್ಮ ಮಗಳಿಗಿಂತ ಚಿಕ್ಕ ಮಕ್ಕಳಿರುವವರಿಗೂ ಒಂದು ಮಾತು: 2030-31ರಲ್ಲಿ ಪಾಸಾಗುವ ಮಕ್ಕಳಿಂದ ವೈಯಕ್ತಿಕ ಹಣಕಾಸು ಅನ್ನುವ ಅರ್ಧ ವರ್ಷದ ಕೋರ್ಸ್ ಕೂಡ ಕಡ್ಡಾಯ.

ಪ್ರಶ್ನೆ:

ಮಗನಿಗೆ ಆಲ್‌ಜೀಬ್ರಾ 2 ಮೊದಲ ಸೆಮಿಸ್ಟರಿನಲ್ಲಿ ಡಿ ಬಂತು. ಶಾಲೆಯವರು ಪಾಸ್, ಕ್ರೆಡಿಟ್ ಸಿಕ್ಕಿದೆ ಅಂದರು. ಬಿಟ್ಟುಬಿಡಲಾ?

ಉತ್ತರ:

ಅವರು ಹೇಳಿದ್ದು ಡಿಪ್ಲೊಮಾ ಲೆಕ್ಕ. ಎ-ಜಿಗೆ ಡಿ ಅಂದರೆ ಆ ಸೆಮಿಸ್ಟರ್ ಮಾಡೇ ಇಲ್ಲ ಅಂದ ಹಾಗೆ. ಆದರೆ ಗಣಿತದಲ್ಲಿ ಒಂದು ದಾರಿ ಇದೆ: ಎರಡನೇ ಸೆಮಿಸ್ಟರಿನಲ್ಲಿ ಸಿ ಅಥವಾ ಮೇಲೆ ತೆಗೆದರೆ ಮೊದಲನೆಯದರ ಕೊರತೆ ತುಂಬುತ್ತೆ. ಎರಡು ವರ್ಷ ಬೇಕಾದ ಭಾಷೆಗೂ ಹೀಗೇ. ಇತಿಹಾಸ, ಇಂಗ್ಲಿಷ್‌ಗೆ ಈ ಅನುಕೂಲ ಇಲ್ಲ, ಅಲ್ಲಿ ಡಿ ಬಂದರೆ ಬೇಸಿಗೆಯಲ್ಲಿ ಮತ್ತೆ ಮಾಡಲೇಬೇಕು. ಈಗಲೇ ಟ್ಯೂಷನ್ ಹಾಕಿಸಿ, ಜೂನ್‌ವರೆಗೆ ಕಾಯಬೇಡಿ.

ಪ್ರಶ್ನೆ:

ನಾವು ಟೆಕ್ಸಾಸ್‌ನಲ್ಲಿದ್ದೇವೆ. ಇದೆಲ್ಲ ನಮಗೂ ಅನ್ವಯವಾ?

ಉತ್ತರ:

ಇಲ್ಲ, ಅಲ್ಲಿ ಎ-ಜಿ ಇಲ್ಲ. 22 ಕ್ರೆಡಿಟ್ ಮೂಲ, ಎಂಡಾರ್ಸ್‌ಮೆಂಟ್ (ಆರಿಸಿಕೊಂಡ ವಿಶೇಷ ಕ್ಷೇತ್ರ) ಸೇರಿದರೆ 26. ಎಂಡಾರ್ಸ್‌ಮೆಂಟ್ ಯಾವುದು ಅಂತ 9ರಲ್ಲೇ ಹೇಳಬೇಕು. ಜೊತೆಗೆ ಈಗಿನ ನಿಯಮದಲ್ಲಿ ಸ್ಟಾರ್ ಅನ್ನುವ ಐದು ರಾಜ್ಯ ಪರೀಕ್ಷೆಗಳಿವೆ. ನಿಮ್ಮ ಶಾಲೆಯ ಕೌನ್ಸೆಲರ್ ಹತ್ತಿರ ಕೂತು ನಾಲ್ಕು ವರ್ಷದ ಯೋಜನೆ ಬರೆಸಿಕೊಳ್ಳಿ.

ಮೊದಲ ತಾಯಿ, ಮೂರು ವಾರದ ನಂತರ:

ಮೇಡಂ, ಒಂಬತ್ತನೇ ಮಾರ್ಕ್ಸ್ ಕಾರ್ಡ್ ನಮ್ಮಪ್ಪನೇ ಶಾಲೆಗೆ ಹೋಗಿ ತೆಗೆದುಕೊಂಡು ಕೊರಿಯರ್ ಮಾಡಿದರು. ಗಣಿತ ಎರಡೂ ಒಪ್ಪಿದರು, ಕನ್ನಡ ಒಪ್ಪಿದರು, ಪಿಇ ಒಂದು ವರ್ಷ ಕಳೆಯಿತು. ಆದರೆ ಸೋಷಿಯಲ್ ಸೈನ್ಸ್ ಬರೀ ಐಚ್ಛಿಕ ಅಂತ ಹಾಕಿ, ವಿಶ್ವ ಇತಿಹಾಸ ಒಂದು ವರ್ಷ ಬಾಕಿ ಇದೆ ಅಂದಿದ್ದಾರೆ. ಬೇಸಿಗೆಯಲ್ಲಿ ಅದನ್ನು ಮಾಡಿದರೆ ಪ್ರೀಕ್ಯಾಲ್ಕುಲಸ್ ಯಾವಾಗ?

ಉತ್ತರ:

ತುಂಬಾ ಸಂತೋಷ, ದೊಡ್ಡ ಕೆಲಸ ಆಗಿದೆ. ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಸೋಷಿಯಲ್ ಸೈನ್ಸ್ ಮತ್ತೊಮ್ಮೆ ಪರಿಶೀಲಿಸಿ ಅಂತ ಇಮೇಲ್‌ನಲ್ಲೇ ಕೇಳಿ, ಬಾಯಿಮಾತಿನಲ್ಲಿ ಬೇಡ. ಒಂಬತ್ತರ ಇತಿಹಾಸ ಪುಸ್ತಕದಲ್ಲಿ ಫ್ರೆಂಚ್ ಕ್ರಾಂತಿ, ರಷ್ಯಾದ ಕ್ರಾಂತಿ, ಹಿಟ್ಲರ್ ಮತ್ತು ನಾಜಿವಾದ ಇದೆ. ಹತ್ತರಲ್ಲಿ ಯುರೋಪಿನ ರಾಷ್ಟ್ರೀಯತೆ, ಕೈಗಾರಿಕೀಕರಣದ ಯುಗ ಇದೆ. ಇಲ್ಲಿನ 10ನೇ ಗ್ರೇಡಿನ ವಿಶ್ವ ಇತಿಹಾಸದಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ. ಎರಡೂ ಪಟ್ಟಿಯನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ಲಗತ್ತಿಸಿ. ಆದರೂ ಒಪ್ಪದಿದ್ದರೆ, ಪಿಇ ಕಳೆದು ಒಂದು ಪೀರಿಯಡ್ ಸಿಕ್ಕಿದೆಯಲ್ಲ, ಅಲ್ಲೇ ವಿಶ್ವ ಇತಿಹಾಸ ಹಾಕಿಸಿ. ಬೇಸಿಗೆ ಗಣಿತಕ್ಕೇ ಇರಲಿ.

ತಾಯಿ:

ಹಾಳೆ ಮಗನೇ ಬರೆಯುತ್ತಿದ್ದಾನೆ. ಪುಸ್ತಕ ಇಲ್ಲಿಲ್ಲ, ಅಪ್ಪ ವಿಷಯಸೂಚಿಯ ಫೋಟೋ ಕಳಿಸಿದ್ದಾರೆ. ನಾಳೆ ಬೆಳಗ್ಗೆ ಇಮೇಲ್ ಹಾಕುತ್ತೇವೆ.