‘ವಲಸಿಗರು ಬ್ರಿಟನ್ನನ್ನು ವಸಾಹತು ಮಾಡಿಕೊಂಡರು’ ಅನ್ನೋ ಮಾತಿಗೆ ಲೆಕ್ಕ ಸಮೇತ ಉತ್ತರ ಕೊಡೋದು ಹೇಗೆ?

ತುಂಗಾತೀರ (ಪ್ರಶ್ನೆ):
ಬ್ರಿಟನ್ನಿನ ವಲಸೆ ಚರ್ಚೆಯಲ್ಲಿ ‘ವಲಸಿಗರು ನಮ್ಮ ದೇಶವನ್ನೇ ವಸಾಹತು ಮಾಡಿಕೊಂಡಿದ್ದಾರೆ’ ಅನ್ನೋ ಮಾತು ಈಗ ರಾಜಾರೋಷವಾಗಿ ಕೇಳಿಬರ್ತಿದೆ. ಹೀಗೆ ಹೇಳುವವರಲ್ಲಿ ಮೊನಾಕೊದಂಥ ಆದಾಯ ತೆರಿಗೆಯಿಲ್ಲದ ಜಾಗಕ್ಕೆ ಮನೆ ಬದಲಾಯಿಸಿದ ಶ್ರೀಮಂತರೂ ಇದ್ದಾರೆ. ಇದಕ್ಕೆ ಸಿಟ್ಟಿನ ಉತ್ತರ ಬೇಡ, ವಿವರ ಬೇಕು. ವಸಾಹತಿಗೂ ವಲಸೆಗೂ ಗೆರೆ ಎಲ್ಲಿ ಎಳೆಯೋದು? ವಲಸಿಗರು ಪುಕ್ಕಟೆ ಸವಲತ್ತು ತಿಂತಾರೆ ಅನ್ನೋದು ಎಷ್ಟು ನಿಜ? ಮೊನಾಕೊದವರು ನಿಜಕ್ಕೂ ತೆರಿಗೆ ಕಟ್ಟಲ್ವಾ?

ಕೋಟೆಬಾಗಿಲು:
ಖಜಾನೆ, ಸೈನ್ಯ, ಕಾನೂನು ಈ ಮೂರು ಯಾರ ಕೈಯಲ್ಲಿವೆ ಅಂತ ನೋಡಿ, ಗೆರೆ ತಾನಾಗಿ ಕಾಣುತ್ತೆ. ನಮ್ಮ ಮೈಸೂರಿನ ಉದಾಹರಣೆಯೇ ಸಾಕು.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯ್ತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಹಣ ತೀರುವ ತನಕ ಟಿಪ್ಪುವಿನ ಇಬ್ಬರು ಚಿಕ್ಕ ಮಕ್ಕಳು ಒತ್ತೆ. 1799ರಲ್ಲಿ ಒಡೆಯರಿಗೆ ಸಿಂಹಾಸನ ಮರಳಿ ಸಿಕ್ಕಿತು, ಜೊತೆಗೆ ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ಕಟ್ಟುವ ಹೊಣೆಯೂ ಬಂತು. 1831ರಲ್ಲಿ ಆಡಳಿತವನ್ನೇ ಕಸಿದುಕೊಂಡು 50 ವರ್ಷ ಬ್ರಿಟಿಷ್ ಕಮಿಷನರ್‌ಗಳ ಕೈಗೆ ಕೊಟ್ಟರು. 1881ರಲ್ಲಿ ರಾಜ್ಯ ವಾಪಸ್ ಕೊಡುವಾಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. ಕ್ಷಾಮದಿಂದ ಬಡವಾಗಿದ್ದ ಸಂಸ್ಥಾನಕ್ಕೆ ಆ ಏರಿಕೆಯಿಂದ 1896ರವರೆಗೆ ಮಾತ್ರ ಬಿಡುವು. ಆಮೇಲೂ ಬೆಂಗಳೂರಿನ ದಂಡು ಪ್ರದೇಶ 1947ರ ತನಕ ಮಹಾರಾಜರ ಕಾನೂನಿಗೆ ಸಿಗಲಿಲ್ಲ, ಅಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿ ರೆಸಿಡೆಂಟರದ್ದೇ ಮಾತು. ಇಷ್ಟನ್ನೂ ನಡೆಸಿದ ಇಂಗ್ಲಿಷರು ಮೈಸೂರಿನ ಜನಸಂಖ್ಯೆಯ ಮುಂದೆ ಬೆರಳೆಣಿಕೆ.

ಇದಕ್ಕೆ ವಸಾಹತು ಅನ್ನುತ್ತಾರೆ. ವೀಸಾ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ಇನ್ನೊಬ್ಬರು ಬರೆದ ಷರತ್ತಿಗೆ ಒಪ್ಪಿ ಬರುವ ನರ್ಸ್‌ಗೆ ಅದೇ ಪದ ಹಚ್ಚಿದರೆ ಪದಕ್ಕೆ ಅರ್ಥವೇ ಉಳಿಯಲ್ಲ.

ಒಂದು ಎಚ್ಚರಿಕೆ. ‘1948ರ ಪೌರತ್ವ ಕಾಯ್ದೆಯಿಂದಲೇ ಕೆರಿಬಿಯನ್ ದ್ವೀಪಗಳಿಂದ ವಿಂಡ್‌ರಷ್ ಹಡಗಿನವರು ಬಂದರು’ ಅಂತ ವಾದಿಸಬೇಡಿ, ಸಿಕ್ಕಿಹಾಕಿಕೊಳ್ತೀರಿ. ಹಡಗು ಇಂಗ್ಲೆಂಡಿನ ಟಿಲ್ಬರಿ ಬಂದರಿಗೆ ಬಂದದ್ದು 1948ರ ಜೂನ್‌ನಲ್ಲಿ, ಕಾಯ್ದೆ ಜಾರಿಯಾದದ್ದು 1949ರ ಜನವರಿ 1ಕ್ಕೆ. ಬ್ರಿಟಿಷ್ ಪ್ರಜೆಗಳಾಗಿ ಒಳಬರುವ ಹಕ್ಕು ಅವರಿಗೆ ಮೊದಲೇ ಇತ್ತು. ಆ ಬಾಗಿಲನ್ನು 1962ರ ಕಾಯ್ದೆ ಅರ್ಧ ಮುಚ್ಚಿತು. 1968ರಲ್ಲಿ ಕೀನ್ಯಾದ ಭಾರತೀಯ ಮೂಲದವರು ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಬರತೊಡಗಿದಾಗ ಮೂರೇ ದಿನದಲ್ಲಿ ಇನ್ನೊಂದು ಕಾಯ್ದೆ ಮಾಡಿ, ಅಪ್ಪ ಅಮ್ಮನೋ ಅಜ್ಜ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿರಬೇಕು ಎಂಬ ನಂಟಿನ ಷರತ್ತು ಹಾಕಿದರು. ತಾವೇ ಕೊಟ್ಟ ಪಾಸ್‌ಪೋರ್ಟ್‌ಗೆ ತಾವೇ ಬೆಲೆ ಕೊಡಲಿಲ್ಲ. ಇದು ನನಗೆ ಇಡೀ ಕಥೆಯ ಅತ್ಯಂತ ನೋವಿನ ಭಾಗ.

ವೀಸಾಲೆಕ್ಕ:
ಪುಕ್ಕಟೆ ಅನ್ನೋದಕ್ಕೆ ಅಂಕಿ ಇಡ್ತೀನಿ. 2024ರ ಫೆಬ್ರುವರಿ 6ರಿಂದ ಆರೋಗ್ಯ ಸರ್‌ಚಾರ್ಜ್ (ಸರ್ಕಾರಿ ಆಸ್ಪತ್ರೆ ಸೇವೆಗೆ ವೀಸಾದವರು ಕಟ್ಟುವ ಶುಲ್ಕ) ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, 18ರೊಳಗಿನ ಮಕ್ಕಳಿಗೆ 776. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸ್ಕಿಲ್ಡ್ ವರ್ಕರ್ (ಕುಶಲ ಕೆಲಸಗಾರರ) ವೀಸಾದಲ್ಲಿ 5 ವರ್ಷಕ್ಕೆ ಹೊರಟರೆ 18,110 ಪೌಂಡ್ ಆಗುತ್ತೆ. ಕಂತು ಇಲ್ಲ, ವೀಸಾದ ಪೂರ್ತಿ ಅವಧಿಯ ಹಣ ಅರ್ಜಿಯ ಜೊತೆಗೇ ಕಟ್ಟಬೇಕು. ಅರ್ಜಿ ತಿರಸ್ಕಾರವಾದರೆ ಸರ್‌ಚಾರ್ಜ್ ವಾಪಸ್ ಬರುತ್ತೆ, ಅರ್ಜಿ ಶುಲ್ಕ ಬರಲ್ಲ. ಕೆಲಸ ಶುರುವಾದ ಮೇಲೆ ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿ ಮುಂತಾದ ಸವಲತ್ತುಗಳ ವಂತಿಗೆ) ಎಲ್ಲರಂತೆ ಕಡಿತ. ಅಂದರೆ ಆಸ್ಪತ್ರೆಗೆ ಎರಡು ಸಲ ಕೊಟ್ಟಂತೆ. ನರ್ಸ್, ವೈದ್ಯರಂಥವರ ಹೆಲ್ತ್ ಅಂಡ್ ಕೇರ್ ವೀಸಾದವರಿಗೆ ಮಾತ್ರ ಸರ್‌ಚಾರ್ಜ್ ಇಲ್ಲ, ವಾದ ಮಾಡುವಾಗ ಇದನ್ನು ಮರೆಯಬೇಡಿ.

ವೀಸಾದ ಮೇಲೆ ‘ಸಾರ್ವಜನಿಕ ನಿಧಿ ಇಲ್ಲ’ ಅನ್ನೋ ಷರತ್ತು ಇರುತ್ತೆ. ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು), ಮಕ್ಕಳ ಭತ್ಯೆ, ಕೌನ್ಸಿಲ್ (ಸ್ಥಳೀಯ ಸಂಸ್ಥೆಯ) ಮನೆ ಸಿಗಲ್ಲ. ಮಕ್ಕಳ ಶಾಲೆ ಆ ನಿಧಿಯೊಳಗೆ ಬರಲ್ಲ, ಅದು ಸಿಗುತ್ತೆ.

ಶಾಶ್ವತ ನೆಲೆಗೆ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ 5 ವರ್ಷ ಬೇಕಿತ್ತು. ಅದನ್ನು ಸಾಮಾನ್ಯವಾಗಿ 10ಕ್ಕೆ ಏರಿಸುವ ಪ್ರಸ್ತಾವವನ್ನು ಸರ್ಕಾರ 2025ರ ಮೇನಲ್ಲಿ ಮುಂದಿಟ್ಟಿತು. ಈ ಅವಧಿಯಲ್ಲಿ ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿರುವಂತಿಲ್ಲ. ಜನ ಎಡವೋದು ಇಲ್ಲೇ. ಜನವರಿಯಿಂದ ಡಿಸೆಂಬರ್ ಅಂತ ಎಣಿಸ್ತಾರೆ, ಆದರೆ ಆ 12 ತಿಂಗಳು ಯಾವ ದಿನದಿಂದ ಬೇಕಾದರೂ ಶುರುವಾಗಬಹುದು. ಹೋದ ದಿನ, ಬಂದ ದಿನ ಎಣಿಕೆಗಿಲ್ಲ.

ವಲಸೆ ಎಷ್ಟಿರಬೇಕು ಅನ್ನೋ ಪ್ರಶ್ನೆ ಮಾತ್ರ ನ್ಯಾಯವಾದದ್ದೇ. 2023ರ ಹೊತ್ತಿಗೆ ನಿವ್ವಳ ವಲಸೆ (ಬಂದವರಲ್ಲಿ ಹೋದವರನ್ನು ಕಳೆದದ್ದು) ವರ್ಷಕ್ಕೆ 9 ಲಕ್ಷ ದಾಟಿತ್ತು, ಬಾಡಿಗೆ ಮನೆಗಳ ಮೇಲೆ ಒತ್ತಡ ಬಿದ್ದದ್ದು ಸುಳ್ಳಲ್ಲ. 2025ರ ಜೂನ್‌ಗೆ ಮುಗಿದ ವರ್ಷದಲ್ಲಿ ಅದು ಸುಮಾರು 2 ಲಕ್ಷಕ್ಕೆ ಇಳಿದಿದೆ. ಹಳೆಯ ಅಂಕಿ ಹಿಡಿದು ಇವತ್ತಿನ ಭಯ ಹುಟ್ಟಿಸೋದು ತಪ್ಪು.

ಖಾತೆಕಿರ್ದಿ:
ದಿನ ಎಣಿಸೋದು ಶ್ರೀಮಂತರಿಗೂ ಇದೆ, ಆದರೆ ತಿರುಗಾಮುರುಗಾ. ಹಿಂದಿನ 3 ತೆರಿಗೆ ವರ್ಷಗಳಲ್ಲಿ ಒಮ್ಮೆಯಾದರೂ ತೆರಿಗೆ ಲೆಕ್ಕದಲ್ಲಿ ಬ್ರಿಟನ್ನಿನ ನಿವಾಸಿಯಾಗಿದ್ದವರು ಈ ವರ್ಷ 16ಕ್ಕಿಂತ ಕಡಿಮೆ ದಿನ ಇದ್ದರೆ ಅನಿವಾಸಿ ಅನ್ನೋದು ಪಕ್ಕಾ. ಆಗಿಲ್ಲದವರಿಗೆ ಆ ಮಿತಿ 46. 183 ದಿನ ಮುಟ್ಟಿದರೆ ನಿವಾಸಿ. ನಡುವೆ ಇರುವವರಿಗೆ ಮನೆ, ಸಂಸಾರ, ಕೆಲಸ ಎಲ್ಲಿದೆ ಅಂತ ನಂಟುಗಳನ್ನು ಎಣಿಸ್ತಾರೆ. ದಿನ ಅಂದರೆ ಸಾಮಾನ್ಯವಾಗಿ ನಡುರಾತ್ರಿ 12ಕ್ಕೆ ಅಲ್ಲಿರೋದು. ಬೆಳಗ್ಗೆ ಮೊನಾಕೊ ಪಕ್ಕದ ನೀಸ್‌ನಿಂದ ಹಾರಿ ಲಂಡನ್ನಿನಲ್ಲಿ ಮೀಟಿಂಗ್ ಮುಗಿಸಿ ರಾತ್ರಿ 10ಕ್ಕೆ ಮರಳಿದರೆ ಆ ದಿನ ಲೆಕ್ಕಕ್ಕೆ ಬರಲ್ಲ; ಇದನ್ನೇ ಅಭ್ಯಾಸ ಮಾಡಿಕೊಂಡವರನ್ನು ಹಿಡಿಯೋಕೆ ಬೇರೆ ನಿಯಮ ಇದೆ.

‘ಒಂದು ಪೈಸೆ ಕಟ್ಟಲ್ಲ’ ಅಂತ ಬರೆಯಬೇಡಿ, ಅದು ತಪ್ಪು. ಅನಿವಾಸಿಯಾದರೂ ಬ್ರಿಟನ್ನಿನ ಬಾಡಿಗೆಗೆ ತೆರಿಗೆ ಇದೆ, ಅಲ್ಲಿನ ಆಸ್ತಿ ಮಾರಿದ ಲಾಭಕ್ಕೂ ಇದೆ. ಹೊರದೇಶದ ಆದಾಯಕ್ಕೆ ಇಲ್ಲ. ಷೇರು ಮಾರಿದ ಲಾಭವೂ ಬಹುಪಾಲು ತಪ್ಪುತ್ತೆ. ಆದರೆ ಹೊರಗೆ 5 ವರ್ಷ ಕಳೆಯುವ ಮೊದಲೇ ಮರಳಿದರೆ ಹಳೆಯ ಷೇರುಗಳ ಲಾಭಕ್ಕೆ ತೆರಿಗೆ ಬೆನ್ನಟ್ಟಿ ಬರುತ್ತೆ. ಮೊನಾಕೊ 1869ರಲ್ಲೇ ಆದಾಯ ತೆರಿಗೆ ತೆಗೆದುಹಾಕಿದೆ, ಅಲ್ಲಿರುವ ಫ್ರೆಂಚ್ ಪ್ರಜೆಗಳಿಗೆ ಮಾತ್ರ ಸಾಮಾನ್ಯವಾಗಿ ಆ ಲಾಭ ಇಲ್ಲ.

ತುಂಗಾತೀರ:
ತುಂಬಾ ಉಪಕಾರ. ಅಕ್ಷತಾ ಮೂರ್ತಿಯವರ ಪ್ರಕರಣವೂ ಇದೇನಾ?

ಖಾತೆಕಿರ್ದಿ:
ಅಲ್ಲ ಸರ್, ಎರಡನ್ನೂ ಬೆರೆಸಬೇಡಿ. ಅವರು ಬ್ರಿಟನ್ನಿನಲ್ಲೇ ಇದ್ದ ‘ನಾನ್-ಡಾಮ್’, ಅಂದರೆ ಕಾನೂನಿನ ಪ್ರಕಾರ ಕಾಯಂ ಮನೆ ಬೇರೆ ದೇಶದಲ್ಲಿರುವ ನಿವಾಸಿ. ಆ ಸ್ಥಾನದಲ್ಲಿ ಬ್ರಿಟನ್ನಿನ ಆದಾಯಕ್ಕೆ ತೆರಿಗೆ ಕಟ್ಟಬೇಕಿತ್ತು, ಹೊರದೇಶದ್ದಕ್ಕೆ ಒಳಗೆ ತಂದರೆ ಮಾತ್ರ. ಅದು ಕಾನೂನುಬದ್ಧವೇ ಆಗಿತ್ತು. ವಿವಾದವಾದ ಮೇಲೆ 2022ರ ಏಪ್ರಿಲ್‌ನಲ್ಲಿ, ಗಂಡ ರಿಷಿ ಸುನಕ್ ಹಣಕಾಸು ಸಚಿವರಾಗಿದ್ದಾಗ, ವಿಶ್ವದೆಲ್ಲೆಡೆಯ ಆದಾಯಕ್ಕೂ ಬ್ರಿಟನ್ನಿನಲ್ಲೇ ಕಟ್ಟುವುದಾಗಿ ಹೇಳಿದರು. 2025ರ ಏಪ್ರಿಲ್ 6ರಿಂದ ಆ ಪದ್ಧತಿಯೇ ಇಲ್ಲ.

ಕೋಟೆಬಾಗಿಲು:
ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಹೊರದೇಶದಲ್ಲಿ ನೆಲೆಸಿದ ಬ್ರಿಟಿಷ್ ಪೌರರಿಗೆ 15 ವರ್ಷದ ನಂತರ ಮತ ಇರಲಿಲ್ಲ, 2024ರ ಜನವರಿಯಿಂದ ಆ ಮಿತಿ ತೆಗೆದರು. ಮೊನಾಕೊಗೆ ಹೋದ ಬ್ರಿಟಿಷ್ ಪೌರರೂ ಮತ ಹಾಕಬಹುದು. ನೀವೂ ಹಾಕಬಹುದು: ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ವೀಸಾದಲ್ಲಿ ವಾಸವಿರುವ 18 ದಾಟಿದ ಭಾರತೀಯರಿಗೆ ಅಲ್ಲಿನ ಸಂಸತ್ ಚುನಾವಣೆಯಲ್ಲೂ ಮತದ ಹಕ್ಕಿದೆ. ಸರ್ಕಾರಿ ಜಾಲತಾಣದಲ್ಲಿ ವಿಳಾಸ, ಹುಟ್ಟಿದ ದಿನ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೊಟ್ಟು ನೋಂದಾಯಿಸಿ, ಮನೆ ಬದಲಿಸಿದಾಗ ಮತ್ತೆ ಮಾಡಿ. ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟ್ ನಡೆಯುತ್ತೆ.