ಅಪ್‌ಡೇಟ್: ನರಾರಾಕ್ಕೆ ಹೋಗಿ ಬಂದ್ವಿ

ಗುಜರಾತಿನ ಕಚ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ (1982ರದ್ದು, ನಮ್ಮ ದೇಶದ ಮೊದಲನೇದು) ಯಾವಾಗ ಹೋಗಬೇಕು, ಅಮ್ಮನ ಕೈಲಿ ಆಗುತ್ತಾ ಅಂತ ಕೇಳಿದ್ದೆನಲ್ಲ, ಅದರೊಳಗಿನ ನರಾರಾ ಅನ್ನೋ ಜಾಗಕ್ಕೆ ಹೋಗಿ ಬಂದ್ವಿ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

"ರಜೆ ನೋಡಬೇಡಿ, ಸಮುದ್ರದ ನೀರು ಇಳಿಯೋ ಟೈಮ್ ನೋಡಿ" ಅಂದವರ ಮಾತು ನೂರಕ್ಕೆ ನೂರು ನಿಜ. ನರಾರಾದಲ್ಲಿ ದೋಣಿ, ಡೈವಿಂಗ್ ಏನೂ ಬೇಡ, ನೀರು ಸರಿದಾಗ ನಡೆದುಕೊಂಡೇ ಹೋಗಿ ಸಮುದ್ರದ ಜೀವಿಗಳನ್ನ ನೋಡೋದು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಚೆನ್ನಾಗಿ ಇಳಿಯುತ್ತೆ, ಅಷ್ಟಮಿ ಹೊತ್ತಿಗೆ ಕಮ್ಮಿ. ನೀರು ಇಳಿಯೋ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗ್ತಾ ಹೋಗೋದ್ರಿಂದ ಹೋದ ವಾರ ಹೋದವರ ಟೈಮ್ ನಂಬಬೇಡಿ. ಅರಣ್ಯ ಇಲಾಖೆಯ ಅನುಮತಿಗೆ ಗುರುತಿನ ಚೀಟಿ ಇಟ್ಕೊಳ್ಳಿ.

ಮೊಣಕಾಲುದ್ದ ನೀರಿನ ಗುಂಡಿಯೊಂದರಲ್ಲಿ ಗೈಡ್ ಬೆರಳು ತೋರಿಸಿದ ಕಡೆ ಬರೀ ಕಲ್ಲಿತ್ತು. ಆ ಕಲ್ಲೇ ಮೆಲ್ಲಗೆ ಬಣ್ಣ ಬದಲಿಸಿ ಜಾರಿಕೊಂಡಿತು, ಆಕ್ಟೋಪಸ್! ಪಕ್ಕದ ಗುಂಪಿನವರು ಪಫರ್ ಮೀನನ್ನ ಕೈಲಿ ಹಿಡಿದು ಉಬ್ಬಿಸಿ ತೋರಿಸಿ ಅಂತ ಪಟ್ಟು ಹಿಡಿದಿದ್ರು. ನಂಗೆ ಸಿಟ್ಟೇ ಬಂತು. ಅದು ಉಬ್ಬೋದು ಹೆದರಿಕೆಗೆ, ಫೋಟೋಗಲ್ಲ.

ಅಮ್ಮ ಸ್ವಲ್ಪ ದೂರ ಬಂದು ದಂಡೆಗೆ ವಾಪಸಾದರು. ಕಲ್ಲು ಚೂಪು, ಪಾಚಿ ಜಾರುತ್ತೆ, ಮಂಡಿನೋವಿರೋರಿಗೆ ಕಷ್ಟ. ಚಪ್ಪಲಿ ಬೇಡವೇ ಬೇಡ, ಹಿಡಿತ ಇರೋ ಹಳೇ ಶೂ ಸಾಕು.

ಮುಂದಿನ ಸಲ ಇದೇ ಉದ್ಯಾನದ ಪಿರೋಟನ್ ದ್ವೀಪ. ಅದಕ್ಕೆ ದೋಣಿ ಬೇಕು. ಇತ್ತೀಚೆಗೆ ಹೋದವರಿದ್ದರೆ ಅನುಮತಿ ಹೇಗೆ ಸಿಕ್ತು ಹೇಳಿ.